ದಿನವೂ ಹೋದರೂ ಹೊಟ್ಟೆ ಖಾಲಿಯಾಗುವುದಿಲ್ಲ: ಮಲಬದ್ಧತೆಯ ಕುರಿತ ಪ್ರಶ್ನೆಗೆ ವೈದ್ಯರ ಉತ್ತರ

ಪ್ರಶ್ನೆ: ನನಗೆ 58 ವರ್ಷ. ಮಲೆನಾಡಿನ ಹಳ್ಳಿಯೊಂದರಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಇಬ್ಬರು ಮಕ್ಕಳು; ಎರಡೂ ಸಹಜ ಹೆರಿಗೆ, ಮೊದಲನೆಯದರಲ್ಲಿ ಇಕ್ಕಳ ಹಾಕಿ ಮಗುವನ್ನು ತೆಗೆಯಬೇಕಾಯಿತು. ಏಳೆಂಟು ವರ್ಷಗಳಿಂದ ಮಲಬದ್ಧತೆಯಿದೆ. ದಿನವೂ ಶೌಚಕ್ಕೆ ಹೋಗುತ್ತೇನೆ, ಆದರೆ ಮುಕ್ಕಾಲು ಗಂಟೆ ತಿಣುಕಿದರೂ ಹೊಟ್ಟೆ ಖಾಲಿಯಾದಂತೆ ಅನಿಸುವುದಿಲ್ಲ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ, ಕೆಲವು ದಿನ ಬೆರಳಿನಿಂದ ಒತ್ತಿದರೆ ಮಾತ್ರ ಮಲ ಹೊರಬರುತ್ತದೆ. ಇದನ್ನು ಈವರೆಗೆ ಯಾವ ಡಾಕ್ಟರಿಗೂ ಹೇಳಿಲ್ಲ. ಐದಾರು ವರ್ಷಗಳಿಂದ ರಾತ್ರಿ ಮಲಗುವ ಮುನ್ನ ಅಂಗಡಿಯಲ್ಲಿ ಸಿಗುವ ಚೂರ್ಣ ತೆಗೆದುಕೊಳ್ಳುತ್ತಿದ್ದೇನೆ. ಮೊದಲು ಒಂದು ಚಮಚ ಸಾಕಾಗುತ್ತಿತ್ತು, ಈಗ ಎರಡು ಬೇಕು. ಇಸಬಗೋಲು ತಿಂದರೆ ಹೊಟ್ಟೆ ಇನ್ನಷ್ಟು ಉಬ್ಬುತ್ತದೆ. ಬಿ.ಪಿ.ಗೆ ಅಮ್ಲೋಡಿಪಿನ್, ಮೂಳೆ ಸವೆತಕ್ಕೆ ಕ್ಯಾಲ್ಸಿಯಂ ಮಾತ್ರೆ ಇದೆ, ಹಿಮೋಗ್ಲೋಬಿನ್ 9.4 ಇದೆಯೆಂದು ಮೂರು ತಿಂಗಳಿಂದ ಕಬ್ಬಿಣದ ಮಾತ್ರೆಯನ್ನೂ ಕೊಟ್ಟಿದ್ದಾರೆ. ಮಲ ಒಳಗೇ ಉಳಿದರೆ ವಿಷ ರಕ್ತಕ್ಕೆ ಸೇರುತ್ತದೆ, ಕರುಳು ತೊಳೆಸಿಕೊಂಡು ಬಾ ಎಂದು ನಮ್ಮ ಅಕ್ಕ ಹೇಳುತ್ತಾರೆ. ಚೂರ್ಣದಿಂದ ಕರುಳು ಸೋಮಾರಿಯಾಗುತ್ತದೆ ಎಂದು ಸಹೋದ್ಯೋಗಿಯೊಬ್ಬರು ಹೆದರಿಸಿದ್ದಾರೆ. ಇದು ಮುಂದೆ ಕ್ಯಾನ್ಸರ್ ಆಗಬಹುದೇ? ನಾನು ಏನು ಮಾಡಬೇಕು?

ಉತ್ತರ: ನಿಮ್ಮ ಪತ್ರದಲ್ಲಿ ಮೂರು ಭಯಗಳಿವೆ. ಮಲದ ವಿಷ ಮೈಗೆ ಸೇರುತ್ತದೆಯೇ, ಚೂರ್ಣದಿಂದ ಕರುಳು ಕೆಡುತ್ತದೆಯೇ, ಇದು ಕ್ಯಾನ್ಸರಿಗೆ ತಿರುಗುತ್ತದೆಯೇ ಎಂಬ ಆ ಮೂರಕ್ಕೂ ಉತ್ತರಿಸುತ್ತೇನೆ. ಆದರೆ ಅದಕ್ಕೂ ಮೊದಲು, ನೀವು ಅರ್ಧ ವಾಕ್ಯದಲ್ಲಿ ದಾಟಿಹೋದ ಒಂದು ಸಂಗತಿಯನ್ನು ಎತ್ತಿಕೊಳ್ಳಬೇಕಾಗಿದೆ. ನಿಮ್ಮ ಹಿಮೋಗ್ಲೋಬಿನ್ 9.4 ಇದೆ, ಹೆಂಗಸರಲ್ಲಿ ಅದು 12ಕ್ಕಿಂತ ಕಡಿಮೆಯಾದರೆ ರಕ್ತಹೀನತೆ ಎನ್ನುತ್ತೇವೆ. 58ರ ವಯಸ್ಸಿನಲ್ಲಿ ಮುಟ್ಟು ನಿಂತಿರುತ್ತದೆ, ಆದ್ದರಿಂದ ಮುಟ್ಟಿನ ರಕ್ತಸ್ರಾವವನ್ನು ಕಾರಣವೆಂದು ಹೇಳುವಂತಿಲ್ಲ. ಊಟದಲ್ಲಿ ಕಬ್ಬಿಣ ಸಾಲದೆ ಹೀಗಾಗಿರಬಹುದು, ಬರಿಗಾಲಿನಲ್ಲಿ ತೋಟದಲ್ಲಿ ಓಡಾಡುವವರಿಗೆ ತಗಲುವ ಕೊಕ್ಕೆಹುಳುವಿನಿಂದ ಆಗಿರಬಹುದು, ಮಂಡಿನೋವಿಗೆಂದು ನುಂಗುವ ಮಾತ್ರೆಗಳಿಂದ ಜಠರದಲ್ಲಿ ಹುಣ್ಣಾಗಿ ರಕ್ತ ಸೋರುತ್ತಿರಬಹುದು, ಅಥವಾ ದೊಡ್ಡ ಕರುಳಿನಲ್ಲಿ ಗಂಟೊಂದು ಬೆಳೆದು ಕಣ್ಣಿಗೆ ಕಾಣದಷ್ಟು ರಕ್ತ ದಿನದಿನವೂ ಹೋಗುತ್ತಿರಬಹುದು. ಇವುಗಳಲ್ಲಿ ಯಾವುದೆಂದು ತಿಳಿಯದೆ ಬರೀ ಕಬ್ಬಿಣದ ಮಾತ್ರೆ ಕೊಡುತ್ತಾ ಹೋಗುವುದು ಸರಿಯಲ್ಲ. ಫೆರಿಟಿನ್ ಎಂಬ ರಕ್ತಪರೀಕ್ಷೆಯಿಂದ ಕಬ್ಬಿಣದ ಕೊರತೆ ಖಚಿತವಾದರೆ, ನಿಮ್ಮ ವಯಸ್ಸಿನವರಿಗೆ ಜಠರದ ಎಂಡೋಸ್ಕೋಪಿ ಮತ್ತು ದೊಡ್ಡ ಕರುಳಿನ ಕೊಲೊನೊಸ್ಕೋಪಿ (ಕ್ಯಾಮೆರಾ ಇರುವ ಕೊಳವೆ ಹಾಕಿ ಒಳಗೆ ನೋಡುವ ಪರೀಕ್ಷೆಗಳು) ಎರಡನ್ನೂ ಮಾಡಿಸುವುದು ವಾಡಿಕೆಯಲ್ಲಿರುವ ಕ್ರಮ. ಮಲಬದ್ಧತೆ ವರ್ಷಗಳಿಂದ ಇದೆ, ಕಾಯಬಹುದು. ಈ ಪರೀಕ್ಷೆಯನ್ನು ಮಾತ್ರ ಮುಂದೂಡಬೇಡಿ.

ಇದನ್ನು ಓದಿ ನಿಮ್ಮ ಕ್ಯಾನ್ಸರ್ ಭಯ ಹೆಚ್ಚಾಗಿದ್ದರೆ ಒಂದು ಮಾತು ಸೇರಿಸಬೇಕು. ಮಲಬದ್ಧತೆ ತಾನಾಗಿ ಕ್ಯಾನ್ಸರಾಗಿ ಬದಲಾಗುವುದಿಲ್ಲ. ಬಹಳ ಜನರನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನಗಳಲ್ಲಿ, ಮಲಬದ್ಧತೆ ಇರುವವರಿಗೆ ಕರುಳಿನ ಕ್ಯಾನ್ಸರ್ ಹೆಚ್ಚು ಬರುತ್ತದೆ ಎಂಬುದು ಕಂಡುಬಂದಿಲ್ಲ. ತಲೆಕೆಡಿಸಿಕೊಳ್ಳಬೇಕಾದದ್ದು ಬೇರೆ ಸೂಚನೆಗಳ ಬಗ್ಗೆ: ಜೀವಮಾನವಿಡೀ ಸರಿಯಿದ್ದ ಅಭ್ಯಾಸ 45–50 ದಾಟಿದ ಮೇಲೆ ಹಠಾತ್ತನೆ ಬದಲಾಗುವುದು, ಮಲದಲ್ಲಿ ರಕ್ತ ಕಾಣುವುದು, ಪ್ರಯತ್ನಪಡದೆ ತೂಕ ಇಳಿಯುವುದು, ಕಾರಣ ತಿಳಿಯದ ರಕ್ತಹೀನತೆ, ತಂದೆತಾಯಿ ಅಥವಾ ಒಡಹುಟ್ಟಿದವರಲ್ಲಿ ಕರುಳಿನ ಕ್ಯಾನ್ಸರ್. ಇವುಗಳಲ್ಲಿ ಒಂದೂ ಇಲ್ಲದವರಿಗೆ ಬರೀ ಮಲಬದ್ಧತೆಗೆಂದು ಕೊಲೊನೊಸ್ಕೋಪಿ ಮಾಡಿಸುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ. ನಿಮ್ಮಲ್ಲಿ ಒಂದು ಇದೆ, ಅಷ್ಟೆ. ರಕ್ತ ಕಂಡರೆ 'ಪೈಲ್ಸ್ ಇರಬೇಕು' ಎಂದು ಪರೀಕ್ಷೆಯಿಲ್ಲದೆ ತೀರ್ಮಾನಿಸುವುದನ್ನು ನಾನು ರೋಗಿಗಳಲ್ಲೂ ಕಂಡಿದ್ದೇನೆ, ವೈದ್ಯರಲ್ಲೂ ಕಂಡಿದ್ದೇನೆ.

ಇನ್ನು ಮಲಬದ್ಧತೆಯ ವಿಷಯ. ನಮ್ಮಲ್ಲಿ ದಿನಕ್ಕೊಮ್ಮೆ, ಅದೂ ಬೆಳಗ್ಗೆ ಸ್ನಾನಕ್ಕೆ ಮೊದಲು ಆಗಲೇಬೇಕೆಂಬ ನಂಬಿಕೆ ಬಲವಾಗಿದೆ. ಒಂದು ದಿನ ತಪ್ಪಿದರೆ ಮನೆಯ ಹಿರಿಯರು ಆ ದಿನವಿಡೀ ಅದನ್ನೇ ಯೋಚಿಸುತ್ತಿರುತ್ತಾರೆ. ವೈದ್ಯಕೀಯವಾಗಿ ದಿನಕ್ಕೆ ಮೂರು ಬಾರಿಯಿಂದ ವಾರಕ್ಕೆ ಮೂರು ಬಾರಿಯವರೆಗೆ ಯಾವುದೂ ಸಹಜವೇ. ದಿನ ಬಿಟ್ಟು ದಿನ, ಕಷ್ಟವಿಲ್ಲದೆ, ಮೆತ್ತಗೆ ಆಗುವವರಿಗೆ ಮಲಬದ್ಧತೆಯಿಲ್ಲ. ನಿಮ್ಮಂತೆ ದಿನವೂ ಹೋಗಿ ದಿನವೂ ತಿಣುಕುವವರಿಗೆ ಇದೆ. ರೋಗನಿರ್ಣಯಕ್ಕೆ ನಾವು ಬಳಸುವ 'ರೋಮ್' ಮಾನದಂಡಗಳಲ್ಲಿ ವಾರಕ್ಕೆ ಮೂರಕ್ಕಿಂತ ಕಡಿಮೆ ಎಂಬುದು ಆರು ಅಂಶಗಳಲ್ಲಿ ಒಂದು ಮಾತ್ರ. ಉಳಿದ ಐದು ಹೀಗಿವೆ: ತಿಣುಕುವುದು, ಆಡಿನ ಹಿಕ್ಕೆಯಂತೆ ಗಟ್ಟಿಯಾಗಿ ಬರುವುದು, ಪೂರ್ತಿಯಾಗಿಲ್ಲ ಎನಿಸುವುದು, ಗುದದ ಬಳಿ ಏನೋ ತಡೆದಂತಾಗುವುದು, ಮತ್ತು ಬೆರಳಿನ ಸಹಾಯ ಬೇಕಾಗುವುದು. ಕೊನೆಯದನ್ನು ಗಮನಿಸಿ. ನೀವು ನಾಚಿಕೆಯಿಂದ ಯಾರಿಗೂ ಹೇಳದೆ ಇಟ್ಟುಕೊಂಡದ್ದು ಜಗತ್ತಿನಾದ್ಯಂತ ವೈದ್ಯರು ಕೇಳಲೇಬೇಕಾದ ಪ್ರಶ್ನೆಗಳ ಪಟ್ಟಿಯಲ್ಲಿದೆ. ಎಷ್ಟೋ ರೋಗಿಗಳು ಅದನ್ನು ಮಾಡುತ್ತಾರೆ, ಅಷ್ಟೂ ಜನ ತಾವೊಬ್ಬರೇ ಎಂದುಕೊಂಡಿರುತ್ತಾರೆ.

ಅಕ್ಕನವರ ಮಾತಿಗೆ ಬರೋಣ. ಮಲ ಒಳಗೆ ಉಳಿದರೆ ವಿಷ ರಕ್ತಕ್ಕೆ ಸೇರುತ್ತದೆ ಎಂಬುದು ಹಳ್ಳಿಯ ಮೂಢನಂಬಿಕೆಯೇನಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಯೂರೋಪಿನ ಖ್ಯಾತ ವೈದ್ಯರೇ ಅದನ್ನು ನಂಬಿದ್ದರು. ಲಂಡನ್ನಿನ ಪ್ರಸಿದ್ಧ ಶಸ್ತ್ರಚಿಕಿತ್ಸಕ ವಿಲಿಯಂ ಆರ್ಬತ್‌ನಾಟ್ ಲೇನ್ ಈ ನಂಬಿಕೆಯ ಮೇಲೆ ಎಷ್ಟೋ ರೋಗಿಗಳ ದೊಡ್ಡ ಕರುಳನ್ನೇ ಕತ್ತರಿಸಿ ತೆಗೆದಿದ್ದರು. ಆ ಸಿದ್ಧಾಂತಕ್ಕೆ ಆಧಾರ ಸಿಗದೆ ಅದು ಬಿದ್ದುಹೋಗಿ ನೂರು ವರ್ಷಗಳಾಗುತ್ತಾ ಬಂದಿವೆ. ಹೊಟ್ಟೆ ಕಟ್ಟಿದ ದಿನ ತಲೆಭಾರ, ಅಸಮಾಧಾನ, ಹಸಿವಿಲ್ಲದಿರುವುದು ನಿಜ, ಅವು ಕಲ್ಪನೆಯಲ್ಲ. ಆದರೆ ಮಲದಿಂದ ಗುದನಾಳ ಹಿಗ್ಗಿರುವುದರಿಂದ ಅವು ಬರುತ್ತವೆಯೇ ಹೊರತು ರಕ್ತಕ್ಕೆ ಸೇರಿದ ಯಾವುದೋ ವಿಷದಿಂದಲ್ಲ. ಶೌಚವಾದ ಮರುಗಳಿಗೆಯಲ್ಲೇ ಅವು ಮಾಯವಾಗುವುದೇ ಇದಕ್ಕೆ ಸಾಕ್ಷಿ, ಏಕೆಂದರೆ ರಕ್ತದಲ್ಲಿ ಸೇರಿದ ವಿಷ ಅಷ್ಟು ಬೇಗ ಇಳಿಯಲಾರದು. ಒಂದು ಅಪವಾದವಿದೆ: ಯಕೃತ್ತು ಸಿರೋಸಿಸ್‌ನಿಂದ ಹಾಳಾಗಿರುವವರಲ್ಲಿ ಮಲಬದ್ಧತೆಯಾದರೆ ಕರುಳಿನ ಅಮೋನಿಯಾ ಮಿದುಳನ್ನು ಮಂಕಾಗಿಸಬಲ್ಲದು, ಅವರಿಗೆ ದಿನವೂ ಎರಡು ಮೂರು ಬಾರಿ ಮೆತ್ತಗಾಗುವಂತೆ ನಾವೇ ಔಷಧ ಕೊಡುತ್ತೇವೆ. ನೀವು ಆ ಗುಂಪಿನವರಲ್ಲ. ಕರುಳು ತೊಳೆಯುವ 'ಡಿಟಾಕ್ಸ್' ಚಿಕಿತ್ಸೆಯಿಂದ ನಿಮಗೆ ಸಿಗುವ ಲಾಭವೇನೂ ಇಲ್ಲ. ಕರುಳಿಗೆ ರಂಧ್ರವಾಗುವುದು, ಸೋಂಕು, ರಕ್ತದ ಲವಣಾಂಶಗಳು ಏರುಪೇರಾಗುವುದು ಇವೆಲ್ಲ ಅಪರೂಪವಾದರೂ ನಡೆದಿವೆ. ಅದಕ್ಕೆ ಹಣ ಕೊಡಬೇಡಿ.

ಈಗ ನಿಜವಾದ ಕಾರಣದ ಕಡೆಗೆ. ಸಣ್ಣ ಕರುಳಿನಿಂದ ದೊಡ್ಡ ಕರುಳಿಗೆ ದಿನಕ್ಕೆ ಸುಮಾರು ಒಂದೂವರೆ ಲೀಟರ್ ನೀರಾದ ಪದಾರ್ಥ ಇಳಿಯುತ್ತದೆ. ಅದರಲ್ಲಿ ಬಹುಪಾಲು ನೀರನ್ನು ಹೀರಿಕೊಂಡು ನೂರಿನ್ನೂರು ಗ್ರಾಂ ಮಲವನ್ನಾಗಿಸಿ ಕೆಳಗೆ ತಳ್ಳುವುದು ದೊಡ್ಡ ಕರುಳಿನ ಕೆಲಸ, ಇದಕ್ಕೆ ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು. ಕರುಳಿನ ಚಲನೆ ನಿಧಾನವಾದಷ್ಟೂ ನೀರು ಹೆಚ್ಚು ಹೀರಲ್ಪಟ್ಟು ಮಲ ಗಟ್ಟಿಯಾಗುತ್ತದೆ. ಇದು ಒಂದು ಬಗೆ. ಎರಡನೆಯ ಬಗೆಯಲ್ಲಿ ಕರುಳು ತನ್ನ ಕೆಲಸವನ್ನು ಸರಿಯಾಗಿಯೇ ಮಾಡಿ ಮಲವನ್ನು ಗುದನಾಳದವರೆಗೆ ತಂದಿರುತ್ತದೆ, ಆದರೆ ಅಲ್ಲಿಂದ ಹೊರಹೋಗುವ ದಾರಿ ತೆರೆದುಕೊಳ್ಳುವುದಿಲ್ಲ. ಗುದನಾಳವನ್ನು ಹಿಂಬದಿಯಿಂದ ಬಳಸಿ ಮುಂದಕ್ಕೆ ಎಳೆದು ಹಿಡಿದಿರುವ ಒಂದು ಸ್ನಾಯುವಿದೆ. ನಾವು ನಿಂತಾಗ, ಓಡಾಡುವಾಗ ಅದು ಬಿಗಿಯಾಗಿದ್ದು ಗುದನಾಳ ಮತ್ತು ಗುದದ್ವಾರದ ನಡುವೆ ಹೆಚ್ಚುಕಡಿಮೆ ಲಂಬಕೋನದ ತಿರುವನ್ನು ಉಂಟುಮಾಡುತ್ತದೆ. ಶೌಚಕ್ಕೆ ಕೂತು ಮುಕ್ಕಿದಾಗ ಅದು ಸಡಿಲವಾಗಿ ತಿರುವು ನೇರವಾಗಬೇಕು, ಅದೇ ಹೊತ್ತಿಗೆ ಗುದದ್ವಾರದ ಸ್ನಾಯುವೂ ಬಿಡಬೇಕು. ಕೆಲವರಲ್ಲಿ ಮುಕ್ಕಿದಾಗ ಇವು ಸಡಿಲವಾಗುವ ಬದಲು ಮತ್ತಷ್ಟು ಬಿಗಿಯುತ್ತವೆ. ಅಂಥವರು ಎಷ್ಟು ಬಲ ಹಾಕುತ್ತಾರೋ ದಾರಿ ಅಷ್ಟೇ ಮುಚ್ಚುತ್ತದೆ. ಇದು ರೋಗಿಯ ತಪ್ಪಲ್ಲ, ಅವರಿಗೆ ಗೊತ್ತಾಗಿ ನಡೆಯುವುದೂ ಅಲ್ಲ; ಶೌಚ ಬಂದಾಗಲೆಲ್ಲ ತಡೆದು ತಡೆದು, ಅಥವಾ ಗುದದಲ್ಲಿ ಬಿರುಕಾಗಿ ನೋವಿಗೆ ಹೆದರಿ ಬಿಗಿಹಿಡಿದು ವರ್ಷಗಟ್ಟಲೆ ಬೆಳೆದ ಅಭ್ಯಾಸ. ದೀರ್ಘಕಾಲದ ಮಲಬದ್ಧತೆಯೆಂದು ತಜ್ಞರ ಬಳಿಗೆ ಬರುವವರಲ್ಲಿ ಮೂರರಲ್ಲೊಬ್ಬರಷ್ಟು ಮಂದಿಗೆ ಈ ತೊಂದರೆ ಇರುತ್ತದೆ.

ನಿಮ್ಮ ಲಕ್ಷಣಗಳು ಈ ಎರಡನೆಯ ಬಗೆಯತ್ತಲೇ ಬೆರಳು ಮಾಡುತ್ತವೆ. ದಿನವೂ ಪ್ರವೃತ್ತಿಯಾಗುತ್ತದೆ, ಆದರೆ ಮುಗಿಯುವುದಿಲ್ಲ, ಬಹಳ ಹೊತ್ತು ಕೂರಬೇಕಾಗುತ್ತದೆ, ಬೆರಳು ಬೇಕಾಗುತ್ತದೆ. ಇಕ್ಕಳದ ಹೆರಿಗೆಯ ವಿಷಯವನ್ನು ನೀವಾಗಿಯೇ ಬರೆದದ್ದು ಒಳ್ಳೆಯದಾಯಿತು. ಅಂಥ ಹೆರಿಗೆಗಳಲ್ಲಿ ಯೋನಿ ಮತ್ತು ಗುದನಾಳದ ನಡುವಿನ ಗೋಡೆ ಸಡಿಲವಾಗಿ, ಮುಂದೆ ಮುಟ್ಟು ನಿಂತ ಮೇಲೆ ಇನ್ನಷ್ಟು ಬಲ ಕಳೆದುಕೊಂಡು, ಮುಕ್ಕಿದಾಗ ಗುದನಾಳವು ಯೋನಿಯ ಕಡೆಗೆ ಉಬ್ಬಿಕೊಳ್ಳಬಹುದು. ಇದನ್ನು ರೆಕ್ಟೋಸೀಲ್ ಎನ್ನುತ್ತಾರೆ. ಮಲ ಆ ಉಬ್ಬಿನಲ್ಲಿ ಸಿಕ್ಕಿಕೊಳ್ಳುತ್ತದೆ, ಯೋನಿಯ ಹಿಂಗೋಡೆಯನ್ನೋ ಗುದ ಮತ್ತು ಯೋನಿಯ ನಡುವಿನ ಜಾಗವನ್ನೋ ಒತ್ತಿದರೆ ಹೊರಬರುತ್ತದೆ. ಆದ್ದರಿಂದ ವೈದ್ಯರ ಮುಂದೆ ಬೆರಳಿನ ವಿಷಯ ಹೇಳುವಾಗ ಎಲ್ಲಿ ಒತ್ತುತ್ತೀರಿ ಎಂಬುದನ್ನೂ ಹೇಳಿ. ಗುದದ ಒಳಗೋ, ಹೊರಗೋ, ಯೋನಿಯ ಕಡೆಯಿಂದಲೋ ಎಂಬುದರಿಂದಲೇ ಅನುಭವಿ ವೈದ್ಯರಿಗೆ ಅರ್ಧ ರೋಗನಿರ್ಣಯವಾಗುತ್ತದೆ.

ಉಳಿದರ್ಧಕ್ಕೆ ಮೊದಲ ಪರೀಕ್ಷೆ ತುಂಬ ಸರಳವಾದದ್ದು, ತುಂಬ ಅಲಕ್ಷ್ಯಕ್ಕೆ ಒಳಗಾದದ್ದು: ಕೈಗವಸು ತೊಟ್ಟು ಬೆರಳಿನಿಂದ ಗುದವನ್ನು ಪರೀಕ್ಷಿಸುವುದು. ಬೆರಳಿಟ್ಟು, ಶೌಚಕ್ಕೆ ಕೂತಾಗ ಮುಕ್ಕುವಂತೆ ಮುಕ್ಕಿ ಎಂದಾಗ ಸ್ನಾಯು ಬಿಡುತ್ತದೆಯೋ ಬಿಗಿಯುತ್ತದೆಯೋ ಎಂಬುದು ಎರಡು ನಿಮಿಷದಲ್ಲಿ ತಿಳಿಯುತ್ತದೆ. ಸಂಕೋಚದಿಂದ ರೋಗಿಯೂ ಕೇಳುವುದಿಲ್ಲ, ಸಮಯವಿಲ್ಲವೆಂದು ವೈದ್ಯರೂ ಮಾಡುವುದಿಲ್ಲ. ಮಹಿಳಾ ವೈದ್ಯರೇ ಬೇಕೆನಿಸಿದರೆ, ಅಥವಾ ಜೊತೆಯಲ್ಲಿ ನರ್ಸ್ ಇರಬೇಕೆನಿಸಿದರೆ ಹಾಗೆಂದು ಕೇಳುವುದು ನಿಮ್ಮ ಹಕ್ಕು. ಮುಂದಿನ ಹಂತದಲ್ಲಿ, ಗುದನಾಳದೊಳಗೆ 50 ಮಿ.ಲೀ. ನೀರು ತುಂಬಿದ ಪುಟ್ಟ ಬಲೂನಿಟ್ಟು ಅದನ್ನು ಒಂದೆರಡು ನಿಮಿಷದಲ್ಲಿ ಹೊರಹಾಕಲಾಗುತ್ತದೆಯೇ ಎಂದು ನೋಡುವ ಪರೀಕ್ಷೆ, ಸ್ನಾಯುಗಳ ಒತ್ತಡ ಅಳೆಯುವ ಮ್ಯಾನೋಮೆಟ್ರಿ, ರೆಕ್ಟೋಸೀಲ್ ಸಂಶಯವಿದ್ದರೆ ಡೆಫಿಕೋಗ್ರಫಿ ಎಂಬ ಎಕ್ಸ್‌ರೇ ಅಥವಾ ಎಂ.ಆರ್.ಐ. ಇವು ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗುವಂಥವಲ್ಲ. ಮಣಿಪಾಲ, ಮಂಗಳೂರು, ಬೆಂಗಳೂರಿನ ದೊಡ್ಡ ಆಸ್ಪತ್ರೆಗಳ ಗ್ಯಾಸ್ಟ್ರೋಎಂಟರಾಲಜಿ ವಿಭಾಗದಲ್ಲಿ ವಿಚಾರಿಸಬೇಕು. ಇವುಗಳ ಜೊತೆಗೆ ಥೈರಾಯ್ಡ್, ಸಕ್ಕರೆ ಮತ್ತು ರಕ್ತದ ಕ್ಯಾಲ್ಸಿಯಂ ನೋಡಿಸಿ, ಏಕೆಂದರೆ ಥೈರಾಯ್ಡ್ ಕಡಿಮೆಯಾಗುವುದು, ಹಳೆಯ ಮಧುಮೇಹ ಮತ್ತು ರಕ್ತದಲ್ಲಿ ಕ್ಯಾಲ್ಸಿಯಂ ಏರುವುದು ಮೂರೂ ಕರುಳನ್ನು ನಿಧಾನಿಸುತ್ತವೆ.

ದಾರಿ ತೆರೆಯದವರಿಗೆ ಚಿಕಿತ್ಸೆ ಔಷಧವಲ್ಲ, ತರಬೇತಿ. ಬಯೋಫೀಡ್‌ಬ್ಯಾಕ್ ಎಂಬ ಕ್ರಮದಲ್ಲಿ ಸ್ನಾಯುವಿನ ಒತ್ತಡವನ್ನು ಪರದೆಯ ಮೇಲೆ ನಿಮಗೇ ತೋರಿಸುತ್ತಾ, ಹೊಟ್ಟೆಯಿಂದ ತಳ್ಳುವುದನ್ನೂ ಅದೇ ಹೊತ್ತಿಗೆ ಕೆಳಗೆ ಸಡಿಲ ಬಿಡುವುದನ್ನೂ ಕಲಿಸುತ್ತಾರೆ. ವಾರ ಎರಡು ವಾರಕ್ಕೊಮ್ಮೆಯಂತೆ ಕೆಲವು ಬಾರಿ ಹೋಗಬೇಕು, ಮನೆಯಲ್ಲಿ ಅಭ್ಯಾಸ ಮಾಡಬೇಕು. ಸರಿಯಾಗಿ ಆಯ್ದ ರೋಗಿಗಳಲ್ಲಿ ಮೂರರಲ್ಲಿ ಇಬ್ಬರಷ್ಟು ಮಂದಿಗೆ ಇದರಿಂದ ಚೆನ್ನಾಗಿ ಗುಣ ಕಾಣುತ್ತದೆ, ಅಡ್ಡಪರಿಣಾಮವೆಂಬುದು ಇಲ್ಲವೇ ಇಲ್ಲ ಎನ್ನಬಹುದು. ದೂರ ಓಡಾಡುವುದೇ ಇದರ ದೊಡ್ಡ ತೊಡಕು. ಶ್ರೋಣಿಯ ಸ್ನಾಯುಗಳ ಚಿಕಿತ್ಸೆಯಲ್ಲಿ ತರಬೇತಿ ಪಡೆದ ಫಿಸಿಯೋಥೆರಪಿಸ್ಟರು ಹತ್ತಿರದಲ್ಲಿ ಸಿಕ್ಕರೆ ಅವರಿಂದಲೂ ಬಹುಪಾಲು ಕಲಿಯಬಹುದು. ಒಂದು ಎಚ್ಚರಿಕೆ: ಹೆರಿಗೆಯಾದವರಿಗೆಲ್ಲ ಹೇಳಿಕೊಡುವ, ಸ್ನಾಯುಗಳನ್ನು ಬಿಗಿಗೊಳಿಸುವ ಕೀಗಲ್ ವ್ಯಾಯಾಮವನ್ನು ಪರೀಕ್ಷೆಗೆ ಮೊದಲು ನೀವಾಗಿ ಶುರುಮಾಡಬೇಡಿ, ಮೊದಲೇ ಬಿಗಿಯುವ ಸ್ನಾಯುವಿಗೆ ಅದು ತದ್ವಿರುದ್ಧದ ಪಾಠ.

ಇಸಬಗೋಲಿನಿಂದ ಉಬ್ಬರ ಏಕೆ ಹೆಚ್ಚಾಯಿತೆಂಬುದಕ್ಕೂ ಇಲ್ಲೇ ಉತ್ತರವಿದೆ. ಅದು ನೀರು ಹೀರಿ ಹಿಗ್ಗಿ ಮಲದ ಗಾತ್ರವನ್ನು ಹೆಚ್ಚಿಸುತ್ತದೆ. ಮುಂದಿನ ದಾರಿ ಮುಚ್ಚಿರುವಾಗ ಹಿಂದಿನಿಂದ ಗಾತ್ರ ಹೆಚ್ಚಿಸಿದರೆ ಉಬ್ಬರವಲ್ಲದೆ ಬೇರೇನಾದೀತು? ನಿಮ್ಮ ದೇಹಕ್ಕೆ ಅದು 'ಒಗ್ಗುವುದಿಲ್ಲ' ಎಂದಲ್ಲ, ನಿಮ್ಮ ಬಗೆಯ ಮಲಬದ್ಧತೆಗೆ ಅದೊಂದೇ ಸಾಲದು. ದಾರಿ ಸರಿಹೋದ ಮೇಲೆ ಅದೇ ಇಸಬಗೋಲು ಒಂದು ಚಮಚದಿಂದ ಶುರುವಾಗಿ, ಪ್ರತಿ ಸಲವೂ ದೊಡ್ಡ ಲೋಟ ನೀರಿನೊಂದಿಗೆ, ವಾರಕ್ಕಿಷ್ಟು ಎಂದು ಏರಿಸುತ್ತಾ ಹೋದರೆ ಒಗ್ಗಬಹುದು. ಊಟದ ನಾರಿನ ವಿಷಯವೂ ಹೀಗೆಯೇ. ದಿನಕ್ಕೆ 25–30 ಗ್ರಾಂ ನಾರಿನಂಶ ಬೇಕು. ನೂರು ಗ್ರಾಂ ಬಿಳಿ ಅಕ್ಕಿಯಲ್ಲಿ ಮೂರು ಗ್ರಾಮಿಗಿಂತ ಕಡಿಮೆ, ನೂರು ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ, ನೂರು ಗ್ರಾಂ ಸೀಬೆಹಣ್ಣಿನಲ್ಲಿ ಎಂಟು ಗ್ರಾಮಿನ ಆಸುಪಾಸು ಇರುತ್ತದೆ. ಮೂರು ಹೊತ್ತೂ ಅನ್ನ, ದೋಸೆ, ಕಡುಬು ಎಂದು ಅಕ್ಕಿಯ ಮೇಲೇ ನಡೆಯುವ ಮಲೆನಾಡಿನ ಮನೆಯಲ್ಲಿ ಒಂದು ಹೊತ್ತು ರಾಗಿರೊಟ್ಟಿ, ನೆನೆಸಿದ ಹೆಸರುಕಾಳು, ಬಸಳೆ, ಬಾಳೆದಿಂಡಿನ ಪಲ್ಯ ಸೇರಿಸುವುದು ಕಷ್ಟವಲ್ಲ. ಒಣಗಿದ ಪ್ಲಮ್ ಮತ್ತು ಕಿವಿ ಹಣ್ಣು ಮಲಬದ್ಧತೆಗೆ ಕೆಲಸ ಮಾಡುತ್ತವೆ ಎಂಬುದು ಪ್ರಯೋಗಗಳಲ್ಲಿ ಸಾಬೀತಾಗಿದೆ; ಅವು ಸಿಗದ ಕಡೆ ಪರಂಗಿಹಣ್ಣು, ಸೀಬೆ, ನೆನೆಸಿದ ಒಣದ್ರಾಕ್ಷಿ ತಿನ್ನಿ.

ನೀರಿನ ಬಗ್ಗೆ ಅತಿಶಯದ ಮಾತುಗಳಿವೆ. ನೀರು ಕಡಿಮೆ ಕುಡಿಯುವವರು ಹೆಚ್ಚಿಸಿದರೆ ಪ್ರಯೋಜನವುಂಟು, ಶಾಲೆಯಲ್ಲಿ ಶೌಚಾಲಯ ಸರಿಯಿಲ್ಲವೆಂದು ಬೆಳಗಿನಿಂದ ಸಂಜೆಯವರೆಗೆ ನೀರನ್ನೇ ಕುಡಿಯದ ಶಿಕ್ಷಕಿಯರು ಆ ಗುಂಪಿಗೆ ಸೇರುತ್ತಾರೆ. ಸಾಕಷ್ಟು ಕುಡಿಯುತ್ತಿರುವವರು ಮತ್ತೆ ಮೂರು ಲೀಟರ್ ಸೇರಿಸಿದರೆ ಅದು ಮೂತ್ರವಾಗಿ ಹೋಗುತ್ತದೆ, ಮಲಕ್ಕೆ ಸೇರುವುದಿಲ್ಲ.

ಶಾಲೆಯ ಮಾತು ಬಂದದ್ದರಿಂದ ವೇಳೆಯ ಬಗ್ಗೆಯೂ ಹೇಳಬೇಕು. ಎದ್ದ ಮೇಲೆ ಮತ್ತು ತಿಂಡಿಯ ನಂತರದ ಅರ್ಧ ಗಂಟೆಯಲ್ಲಿ ದೊಡ್ಡ ಕರುಳಿನ ಚಲನೆ ಬಲವಾಗಿರುತ್ತದೆ, ಬಿಸಿ ಕಾಫಿ ಕೆಲವರಲ್ಲಿ ಅದನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ಬಸ್ಸು ಹಿಡಿಯುವ ಅವಸರದಲ್ಲಿ ಆ ಕರೆಯನ್ನು ದಿನವೂ ನಿರಾಕರಿಸಿದರೆ ಗುದನಾಳ ಹಿಗ್ಗುವುದನ್ನು ರೂಢಿಮಾಡಿಕೊಂಡು ಕರೆ ಕೊಡುವುದನ್ನೇ ಕಡಿಮೆ ಮಾಡುತ್ತದೆ. ತಿಂಡಿಯನ್ನು ಅರ್ಧ ಗಂಟೆ ಮುಂಚಿತವಾಗಿ ಮುಗಿಸಿ, ಆಮೇಲೆ ಕೂರಿ. ಮುಕ್ಕಾಲು ಗಂಟೆ ಬೇಡ. ಹತ್ತು ನಿಮಿಷದಲ್ಲಿ ಆಗದಿದ್ದರೆ ಎದ್ದುಬನ್ನಿ, ಮತ್ತೆ ಕರೆ ಬಂದಾಗ ಹೋಗಿ. ಹೊತ್ತುಗಟ್ಟಲೆ ಕೂತು ಮುಕ್ಕಿದರೆ ಮೂಲವ್ಯಾಧಿ ಬರುತ್ತದೆ, ರೆಕ್ಟೋಸೀಲ್ ಇದ್ದರೆ ಹೆಚ್ಚಾಗುತ್ತದೆ. ಮೊಣಕಾಲು ಸೊಂಟಕ್ಕಿಂತ ಮೇಲಿರುವ ಭಂಗಿಯಲ್ಲಿ ಗುದನಾಳದ ತಿರುವು ಹೆಚ್ಚು ನೇರವಾಗುವುದರಿಂದ ಭಾರತೀಯ ಶೌಚಾಲಯವೇ ಒಳ್ಳೆಯದು. ಮಂಡಿನೋವಿಗೆಂದು ಕಮೋಡ್ ಹಾಕಿಸಿಕೊಂಡಿದ್ದರೆ ಪಾದದ ಕೆಳಗೆ ಮುಕ್ಕಾಲು ಅಡಿ ಎತ್ತರದ ಮಣೆಯಿಟ್ಟು ಮುಂದಕ್ಕೆ ಬಾಗಿ ಕೂರಿ. ಉಸಿರು ಕಟ್ಟಿ ಮುಕ್ಕಬೇಡಿ, ಹೊಟ್ಟೆಯನ್ನು ಮುಂದಕ್ಕೆ ಉಬ್ಬಿಸುತ್ತಾ ನಿಧಾನವಾಗಿ ಉಸಿರು ಬಿಡಿ.

ನಿಮ್ಮ ಮಾತ್ರೆಗಳ ಪಾಲೂ ಇದರಲ್ಲಿದೆ. ಕಬ್ಬಿಣ ಮತ್ತು ಕ್ಯಾಲ್ಸಿಯಂ ಎರಡೂ ಮಲವನ್ನು ಗಟ್ಟಿ ಮಾಡುತ್ತವೆ; ಎರಡನ್ನೂ ಒಟ್ಟಿಗೆ ನುಂಗಿದರೆ ಕಬ್ಬಿಣ ಸರಿಯಾಗಿ ಹೀರಲ್ಪಡುವುದೂ ಇಲ್ಲ. ಕಬ್ಬಿಣವನ್ನು ದಿನ ಬಿಟ್ಟು ದಿನ ಕೊಡಬಹುದೇ, ಕ್ಯಾಲ್ಸಿಯಂ ಕಾರ್ಬೊನೇಟ್ ಬದಲು ಸಿಟ್ರೇಟ್ ಆಗಬಹುದೇ ಎಂದು ನಿಮ್ಮ ವೈದ್ಯರನ್ನು ಕೇಳಿ. ಅಮ್ಲೋಡಿಪಿನ್ ಇರುವ ಗುಂಪಿನ ಔಷಧಗಳಲ್ಲಿ ವೆರಾಪಮಿಲ್ ಮಲಬದ್ಧತೆಗೆ ಕುಖ್ಯಾತ, ಅಮ್ಲೋಡಿಪಿನ್ ಅಷ್ಟಿಲ್ಲ, ನೀವಾಗಿ ನಿಲ್ಲಿಸಬೇಡಿ. ಇದನ್ನು ಓದುವ ಇತರರು ತಮ್ಮ ಮಾತ್ರೆಪಟ್ಟಿಯಲ್ಲಿ ಮಲಬದ್ಧತೆ ತರುವ ಬೇರೆ ಔಷಧಗಳು, ಅಂದರೆ ನೋವಿಗೆ ಕೊಡುವ ಟ್ರಮಡಾಲ್, ಖಿನ್ನತೆಗೂ ನರನೋವಿಗೂ ಕೊಡುವ ಅಮಿಟ್ರಿಪ್ಟಿಲಿನ್, ಮೂತ್ರದ ಅವಸರಕ್ಕೆ ಕೊಡುವ ಆಕ್ಸಿಬ್ಯುಟಿನಿನ್, ನಿದ್ದೆ ತರಿಸುವ ಹಳೆಯ ನೆಗಡಿ ಮಾತ್ರೆಗಳು ಇವೆಯೇ ಎಂದು ನೋಡಿಕೊಳ್ಳಬಹುದು.

ಚೂರ್ಣದ ಬಗ್ಗೆ ಎರಡೂ ಕಡೆಯ ಅತಿರೇಕ ಬೇಡ. ಡಬ್ಬಿಯ ಹಿಂದಿನ ಪಟ್ಟಿಯನ್ನು ಓದಿ. ಮಾರುಕಟ್ಟೆಯ ಹಲವು ಚೂರ್ಣಗಳಲ್ಲಿ ಕೆಲಸ ಮಾಡುವ ಮುಖ್ಯ ವಸ್ತು ಸೋನಾಮುಖಿ, ಅಂದರೆ ಔಷಧದಂಗಡಿಯಲ್ಲಿ 'ಸೆನ್ನ' ಹೆಸರಿನಲ್ಲಿ ಮಾತ್ರೆಯಾಗಿ ಸಿಗುವುದೇ. ಗಿಡಮೂಲಿಕೆ ಎಂಬ ಕಾರಣಕ್ಕೆ ಅದು ಸೌಮ್ಯವಲ್ಲ, ಕರುಳನ್ನು ಕೆರಳಿಸಿ ಕೆಲಸ ಮಾಡುತ್ತದೆ. ಹಾಗೆಂದು ಹೇಳಿದ ಪ್ರಮಾಣದಲ್ಲಿ ಬಳಸಿದರೆ ಕರುಳನ್ನು ಶಾಶ್ವತವಾಗಿ ಸೋಮಾರಿ ಮಾಡುತ್ತದೆ ಎಂಬುದಕ್ಕೂ ಗಟ್ಟಿ ಆಧಾರವಿಲ್ಲ. ನಿಮಗೆ ಎರಡು ಚಮಚ ಬೇಕಾಗುತ್ತಿರುವುದು ಕರುಳು ಸೋತದ್ದರಿಂದಲೇ ಇರಬೇಕೆಂದಿಲ್ಲ. ಮೂಲ ತೊಂದರೆ ಬಾಗಿಲಲ್ಲಿದ್ದು, ಅದಕ್ಕೆ ಯಾರೂ ಚಿಕಿತ್ಸೆ ಮಾಡಿಲ್ಲ. ಕೊಲೊನೊಸ್ಕೋಪಿಯಲ್ಲಿ ಕರುಳಿನ ಒಳಪದರ ಕಂದು ಬಣ್ಣಕ್ಕೆ ತಿರುಗಿದೆ ಎಂದು ವರದಿ ಬಂದರೆ ಹೆದರಬೇಡಿ, ಅದು ಸೋನಾಮುಖಿಯ ಗುರುತು, ನಿಲ್ಲಿಸಿದರೆ ತಿಂಗಳುಗಳಲ್ಲಿ ಮಾಸುತ್ತದೆ. ನನ್ನ ಆಕ್ಷೇಪ ಬೇರೆ: ಕೆಲವು ಚೂರ್ಣಗಳಲ್ಲಿ ಸೈಂಧವ ಲವಣವೂ ಜ್ಯೇಷ್ಠಮಧುವೂ ಇರುತ್ತವೆ, ಇವೆರಡೂ ದಿನನಿತ್ಯ ಸೇರಿದರೆ ಬಿ.ಪಿ. ಏರುತ್ತದೆ, ಜ್ಯೇಷ್ಠಮಧುವಿನಿಂದ ಪೊಟ್ಯಾಸಿಯಂ ಇಳಿಯುತ್ತದೆ. ಬಿ.ಪಿ. ಮಾತ್ರೆ ತೆಗೆದುಕೊಳ್ಳುವವರು ಐದಾರು ವರ್ಷ ಪ್ರಮಾಣ ನೋಡದೆ ತಿನ್ನುವ ವಸ್ತುವಲ್ಲ ಅದು.

ಚೂರ್ಣವನ್ನು ಒಂದೇ ದಿನದಲ್ಲಿ ಪೂರ್ತಿ ಬಿಡಬೇಡಿ, ಬಿಟ್ಟರೆ ವಾರದೊಳಗೆ ಮರಳಿ ಹಿಡಿಯುತ್ತೀರಿ. ಮೊದಲು ಪಾಲಿಎಥಿಲೀನ್ ಗ್ಲೈಕಾಲ್ ಪುಡಿಯನ್ನು ಆರಂಭಿಸಿ. 17 ಗ್ರಾಂ ಪುಡಿಯನ್ನು ಒಂದು ಲೋಟ ನೀರಿನಲ್ಲಿ ಕದಡಿ ದಿನಕ್ಕೊಮ್ಮೆ ಕುಡಿಯುವುದು ಸಾಮಾನ್ಯ ಪ್ರಮಾಣ. ಅದು ರಕ್ತಕ್ಕೆ ಹೆಚ್ಚುಕಡಿಮೆ ಸೇರುವುದೇ ಇಲ್ಲ, ಮಲದಲ್ಲಿ ನೀರನ್ನು ಹಿಡಿದಿಡುತ್ತದೆ. ಪರಿಣಾಮ ಕಾಣಲು ಒಂದರಿಂದ ಮೂರು ದಿನ ಬೇಕು, ತಿಂಗಳುಗಟ್ಟಲೆ ಬಳಸಬಹುದು, ಭೇದಿಯಾದರೆ ಪ್ರಮಾಣ ಇಳಿಸಿದರಾಯಿತು. ಮಲ ಮೆತ್ತಗಾದ ಮೇಲೆ ಚೂರ್ಣವನ್ನು ಒಂದು ಚಮಚಕ್ಕೆ, ಅರ್ಧಕ್ಕೆ, ದಿನ ಬಿಟ್ಟು ದಿನಕ್ಕೆ ಎಂದು ಇಳಿಸಿ. ಲ್ಯಾಕ್ಟುಲೋಸ್ ಸಿರಪ್ ಕೂಡ ಇದೇ ಬಗೆಯದು, ಆದರೆ ಕರುಳಿನಲ್ಲಿ ಹುಳಿತು ವಾಯು ಉಂಟುಮಾಡುವುದರಿಂದ ಉಬ್ಬರವಿರುವ ನಿಮಗೆ ನನ್ನ ಎರಡನೆಯ ಆಯ್ಕೆ. ಔಷಧದಂಗಡಿಯವರು ಥಟ್ಟನೆ ಕೊಡುವ ಗುಲಾಬಿ ಅಥವಾ ಬಿಳಿ ದ್ರಾವಣಗಳಲ್ಲಿ ಮೆಗ್ನೀಸಿಯಂ ಮತ್ತು ಲಿಕ್ವಿಡ್ ಪ್ಯಾರಾಫಿನ್ ಇರುತ್ತವೆ. ಮೂತ್ರಪಿಂಡ ದುರ್ಬಲವಿರುವವರಿಗೆ ಮೊದಲನೆಯದು ಅಪಾಯ, ನುಂಗಲು ತೊಂದರೆಯಿರುವ ವೃದ್ಧರಿಗೆ ಎರಡನೆಯದು ಶ್ವಾಸಕೋಶಕ್ಕೆ ಹೋಗಿ ನ್ಯುಮೋನಿಯಾ ತರಬಹುದು. ನಮ್ಮ ಬಾಲ್ಯದ ಹರಳೆಣ್ಣೆ ನಿಜಕ್ಕೂ ಭೇದಿ ಮಾಡಿಸುತ್ತದೆ, ಆದರೆ ಹೊಟ್ಟೆ ಕಿವುಚುವ ನೋವಿನೊಂದಿಗೆ. ದಿನನಿತ್ಯಕ್ಕೆ ಅದು ಬೇಡ, ಗರ್ಭಿಣಿಯರಿಗಂತೂ ಬೇಡವೇ ಬೇಡ. ಪ್ರಯಾಣದಲ್ಲೋ ಮದುವೆಮನೆಯಲ್ಲೋ ಮೂರು ದಿನ ಆಗದೇ ಹೋದರೆ ಬಿಸಕೋಡಿಲ್ ಸಪೊಸಿಟರಿ (ಗುದದೊಳಗೆ ಇಡುವ ಗುಳಿಗೆ) ಒಂದು ಗಂಟೆಯೊಳಗೆ ಕೆಲಸ ಮಾಡುತ್ತದೆ, ಬ್ಯಾಗಿನಲ್ಲಿ ಒಂದೆರಡು ಇಟ್ಟುಕೊಳ್ಳಿ. ಇವ್ಯಾವುದಕ್ಕೂ ಬಗ್ಗದ, ಕರುಳೇ ನಿಧಾನವಾಗಿರುವ ರೋಗಿಗಳಿಗೆ ಪ್ರುಕಲೋಪ್ರೈಡ್, ಲುಬಿಪ್ರೊಸ್ಟೋನ್, ಲಿನಾಕ್ಲೊಟೈಡ್‌ನಂಥ ಔಷಧಗಳಿವೆ. ಅವು ತಜ್ಞರ ಚೀಟಿಯ ಮೇಲೆ ಮಾತ್ರ.

ರೆಕ್ಟೋಸೀಲ್ ಇರುವುದು ಖಚಿತವಾದರೂ ಕೂಡಲೇ ಶಸ್ತ್ರಚಿಕಿತ್ಸೆಗೆ ಒಪ್ಪಬೇಡಿ. ಹೆರಿಗೆಯಾದ ಅನೇಕ ಹೆಂಗಸರಲ್ಲಿ ಸಣ್ಣ ರೆಕ್ಟೋಸೀಲ್ ಇದ್ದು ಯಾವ ತೊಂದರೆಯೂ ಇರುವುದಿಲ್ಲ, ಮತ್ತು ಸ್ನಾಯು ಬಿಗಿಯುವ ಅಭ್ಯಾಸ ಹಾಗೇ ಉಳಿದಿದ್ದರೆ ಗೋಡೆಯನ್ನು ಹೊಲಿದ ಮೇಲೂ ತಿಣುಕುವುದು ನಿಲ್ಲುವುದಿಲ್ಲ. ಮೊದಲು ತರಬೇತಿ, ಅದನ್ನು ಪೂರ್ತಿ ಮುಗಿಸಿಯೂ ಉಬ್ಬು ದೊಡ್ಡದಾಗಿದ್ದು, ಅದರಲ್ಲಿ ಮಲ ಸಿಕ್ಕಿಕೊಳ್ಳುವುದು ಚಿತ್ರದಲ್ಲಿ ಕಂಡು, ಒತ್ತಿದರೆ ಮಾತ್ರ ಬರುತ್ತದೆ ಎಂದಿದ್ದರೆ ಆಗ ಶಸ್ತ್ರಚಿಕಿತ್ಸಕರ ಮಾತು ಕೇಳಬಹುದು.

ಕೊನೆಯದಾಗಿ, ಕಾಯಬಾರದ ಸಂದರ್ಭ ಯಾವುದೆಂದು ಮನೆಯವರಿಗೂ ಹೇಳಿಟ್ಟಿರಿ. ಹೊಟ್ಟೆ ಬಿಗಿದು ಊದಿ, ಮಲವಷ್ಟೇ ಅಲ್ಲದೆ ವಾಯುವೂ ಹೋಗದೆ, ವಾಂತಿ ಶುರುವಾದರೆ ಅದು ಕರುಳು ಅಡ್ಡಗಟ್ಟಿದ ಲಕ್ಷಣ. ಚೂರ್ಣ, ಎನಿಮಾ, ಹರಳೆಣ್ಣೆ ಏನನ್ನೂ ಕೊಡದೆ ಆ ರಾತ್ರಿಯೇ ಆಸ್ಪತ್ರೆಗೆ ಹೋಗಬೇಕು. ಹಾಸಿಗೆ ಹಿಡಿದ ಹಿರಿಯರು ಮನೆಯಲ್ಲಿದ್ದು, ಹಲವು ದಿನ ಆಗದೆ ಆಮೇಲೆ ತಿಳಿಯದಂತೆ ನೀರುಭೇದಿ ಸೋರತೊಡಗಿದರೆ ಅದು ಭೇದಿಯಲ್ಲದಿರಬಹುದು. ಗುದನಾಳದಲ್ಲಿ ಗಟ್ಟಿಯಾಗಿ ಕೂತ ಮಲದ ಸುತ್ತಲಿಂದ ನೀರು ಜಿನುಗುತ್ತಿರಬಹುದು. ಆಗ ಭೇದಿ ನಿಲ್ಲಿಸುವ ಮಾತ್ರೆ ಕೊಟ್ಟರೆ ಸ್ಥಿತಿ ಕೆಡುತ್ತದೆ. ನರ್ಸ್ ಅಥವಾ ವೈದ್ಯರನ್ನು ಕರೆಸಿ ಗುದವನ್ನು ಪರೀಕ್ಷಿಸಿ ನೋಡಲು ಹೇಳಿ.